ಐದನೇ ಗಾಲಿಗೆ ಜಾಗ ಹುಡುಕುವ ಜೈಭೀಮ

ಬೆಳಗಿನ ಆರು ಗಂಟೆಗೆ ಜೈಭೀಮ ಅವರು ಒಂದು ಹಳೆಯ ಜೀಪಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಕಬ್ಬಿಣದ ಸದ್ದಿಗೆ ಕಿವಿ ಕೊಡುತ್ತಿದ್ದಾರೆ. ಕೈಯಲ್ಲಿ ಸಣ್ಣ ಸುತ್ತಿಗೆ. ಒಂದು ಕಡೆ ಬಡಿದರೆ ‘ಠಣ್’ ಅನ್ನುತ್ತದೆ. ನಾಲ್ಕು ಬೆರಳು ಆಚೆ ಬಡಿದರೆ ‘ಠಪ್’. ‘ಠಪ್’ ಅಂದ ಜಾಗಕ್ಕೆ ಸುಣ್ಣದ ಕಡ್ಡಿಯಿಂದ ಗೀಟು ಎಳೆದು, ಎದ್ದು ನಿಂತು, ಎರಡೂ ಕೈ ಸೊಂಟಕ್ಕೆ ಕೊಟ್ಟು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

“ಒಳಗ ಸೀಳಿ ಹೋಗ್ಯಾದ್ರಿ ಸಾವ್ಕಾರ್ರ. ಮ್ಯಾಲ ಬಣ್ಣ ಬಳದೀರಿ, ಅದಕ್ಕ ಕಾಣವಲ್ದು.”

ಸಾವ್ಕಾರ್ರು ಅಂದರೆ ಜೀಪಿನ ಮಾಲೀಕರಾದ ಕೆಂಭಾವಿಯ ಲಿಂಗಣ್ಣ. ಕಿವಿಗೆ ಮಫ್ಲರ್ ಸುತ್ತಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದಾರೆ. ಸೀಳಿರುವುದು ಅವರ ಜೀಪಿನ ಹಿಂಬದಿಯಲ್ಲಿ ಸ್ಟೆಪ್ನಿ, ಅಂದರೆ ಐದನೇ ಗಾಲಿ, ಹೊತ್ತು ನಿಂತಿರುವ ಕಬ್ಬಿಣದ ಸ್ಟ್ಯಾಂಡಿನ ಬುಡ. ಜೀಪಿಗೆ ಇಪ್ಪತ್ತಮೂರು ವರ್ಷ ವಯಸ್ಸು. ಇನ್ನೆರಡು ದಿನ ಹೀಗೇ ಓಡಿಸಿದರೆ ಇಪ್ಪತ್ತೆಂಟು ಕಿಲೋ ತೂಕದ ಆ ಗಾಲಿ ಹಿಂದೆ ಬರುವ ಯಾವನೋ ಬೈಕಿನವನ ಎದೆಯ ಮೇಲೆ ಹೋಗಿ ಕೂರುವುದು ಖಾತ್ರಿ.

ರಸ್ತೆಯ ಆ ಬದಿಯಲ್ಲಿ ಹನ್ನೆರಡು ಹೆಂಗಸರು ಬುತ್ತಿ ಗಂಟು ಮಡಿಲಲ್ಲಿಟ್ಟುಕೊಂಡು, ತಲೆಯ ಮೇಲೆ ಸೆರಗು ಹೊದ್ದು ಸಾಲಾಗಿ ಕುಳಿತಿದ್ದಾರೆ. ಶಹಾಪುರದ ಆಚೆ ಮೆಣಸಿನಕಾಯಿ ಬಿಡಿಸಲು ದಿನವೂ ಕೆಂಭಾವಿಯಿಂದ ಈ ಜೀಪಿನಲ್ಲೇ ಬರುವವರು. ಪಾಸಿಂಗ್ ಕಾಗದದಲ್ಲಿ ಎಷ್ಟು ಜನ ಕೂರಬೇಕು ಎಂದು ಬರೆದಿದೆ ಅಂತ ನಾನು ಕೇಳಲಿಲ್ಲ, ಲಿಂಗಣ್ಣನವರೂ ಹೇಳಲಿಲ್ಲ. ಹೊಲದ ಮಾಲೀಕರಿಂದ ಅವರಿಗೆ ಆಗಲೇ ಎರಡು ಸಲ ಫೋನ್ ಬಂದಿದೆ.

“ಹಂಗಾರ ಟಾಪಿನ ಮ್ಯಾಲ ಒಗದು ಕಟ್ಟಿಬಿಡೋ ಜೈಭೀಮ. ಹೊತ್ತಾಗಾಕತ್ತದ,” ಅನ್ನುತ್ತಾರೆ ಲಿಂಗಣ್ಣ.

“ಬಾಲಮ್ಮಕ್ಕ ಬರೋತನಾ ನಾ ಕೈ ಹಚ್ಚಂಗಿಲ್ಲರಿ. ಆಕಿನ್ನ ಕರಸ್ರಿ ಅಂತ ನಿನ್ನಿನೇ ನಿಮಗ ಫೋನ್‌ನ್ಯಾಗ ಹೇಳೀನಿ.”

“ಆಕಿ ಗಾಡಿ ಹತ್ತೋದು ಬಿಟ್ಟು ಎರಡು ವರ್ಷಾತು. ಗಾಡಿ ಹತ್ತದಾಕಿನ್ನ ಕೇಳಿ ಗಾಡಿ ಕೆಲಸ ಮಾಡತೀಯೇನ?”

“ಹೌದ್ರಿ. ಹತ್ತದಾಕಿನ್ನೇ ಕೇಳಬೇಕಾಗ್ಯಾದ,” ಎಂದು ಜೈಭೀಮ ಸುತ್ತಿಗೆಯನ್ನು ಡಬ್ಬಿಗೆ ಹಾಕುತ್ತಾರೆ. ಸಾವ್ಕಾರರು ಮಫ್ಲರ್ ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಾರೆ. ಬೇರೆ ಕಡೆ ಹೋಗೋಣವೆಂದರೆ ಈ ಕೆಲಸಕ್ಕೆ ಸುತ್ತಮುತ್ತ ಬೇರೆ ಕಡೆ ಇಲ್ಲ.

ಯಾದಗಿರಿ, ಶಹಾಪುರ, ಸುರಪುರದ ನಡುವೆ ಓಡಾಡುವ ಹಳೆಯ ಜೀಪು ಮತ್ತು ದೊಡ್ಡ ಗಾಡಿಗಳ ಬೆನ್ನು ನೀವು ನೋಡಿದ್ದರೆ ಜೈಭೀಮ ಅವರ ಕೆಲಸವನ್ನು ನೋಡಿದ್ದೀರಿ. ಹೆಸರು ಮಾತ್ರ ಕೇಳಿರಲಿಕ್ಕಿಲ್ಲ. ಗೇಟು ಮಾಡುವವರು ಗೇಟಿನ ಮೇಲೆ ತಮ್ಮ ಫೋನ್ ನಂಬರ್ ಬರೆಯುತ್ತಾರೆ. ಸ್ಟೆಪ್ನಿ ಸ್ಟ್ಯಾಂಡಿನ ಮೇಲೆ ಬರೆದರೆ ಟಾಯರು ಅದನ್ನು ಮುಚ್ಚಿಬಿಡುತ್ತದೆ. ಇಪ್ಪತ್ತಾರು ವರ್ಷಗಳಲ್ಲಿ ಒಂಬೈನೂರಕ್ಕೂ ಹೆಚ್ಚು ಗಾಡಿಗಳಿಗೆ ಸ್ಟೆಪ್ನಿ ಕೂರಿಸಿರುವ ಇವರ ಅಂಗಡಿಗೆ ಬೋರ್ಡೂ ಇಲ್ಲ. ಸುರಪುರ ರಸ್ತೆಯಲ್ಲಿ ಒಂದು ತಗಡಿನ ಚಪ್ಪರ, ಎದುರಿಗೆ ಬುದ್ಧ ಮಲಗಿದಂತೆ ಕಾಣುವ ಬೆಟ್ಟ, ಅಷ್ಟೇ ಗುರುತು.

ಸ್ಟೆಪ್ನಿಗೆ ಕಂಪನಿಯವರೇ ಜಾಗ ಕೊಟ್ಟಿರುತ್ತಾರಲ್ಲ, ಇವರಿಗೇನು ಕೆಲಸ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಹೊಸ ಗಾಡಿಗೆ ಆ ಮಾತು ಸರಿ. ಗಾಡಿ ಮೂರನೇ ಕೈಗೆ, ನಾಲ್ಕನೇ ಕೈಗೆ ಬರುವ ಹೊತ್ತಿಗೆ ಒಳಗೆ ಒಂದು ಬೆಂಚು ಹೆಚ್ಚಾಗಿರುತ್ತದೆ, ಆ ಬೆಂಚಿಗೆ ಜಾಗ ಬಿಟ್ಟು ಸ್ಟೆಪ್ನಿ ಹೊರಗೆ ಬಿದ್ದಿರುತ್ತದೆ. ಇಲ್ಲವೇ ಹಳ್ಳಕೊಳ್ಳಕ್ಕೆ ಇರಲಿ ಎಂದು ದೊಡ್ಡ ಟಾಯರ್ ಹಾಕಿಸಿರುತ್ತಾರೆ, ಅದು ಹಳೆಯ ಜಾಗದಲ್ಲಿ ಹಿಡಿಸುವುದಿಲ್ಲ. ಆಗ ಶಹಾಪುರದ ದಾರಿ ಹಿಡಿಯುತ್ತಾರೆ. “ಊರಿಗಿ ಬಂದಾಕಿ ನೀರಿಗಿ ಬರದ ಇರ್ತಾಳೇನ್ರಿ? ಹಳಿ ಗಾಡಿ ತಗೊಂಡಾಂವ ಒಂದ್ ದಿನ ನನ್ನ ಹಂತ್ಯಾಕ ಬರಾಂವನೇ,” ಎಂದು ಜೈಭೀಮ ನಗುತ್ತಾರೆ. ನಕ್ಕು ನನ್ನ ಕಡೆ ತಿರುಗಿ, “ನಿಮ್ಮ ಕಾರಿನ ಸ್ಟೆಪ್ನ್ಯಾಗ ಗಾಳಿ ಅದ ಏನ್ರಿ?” ಎಂದು ಕೇಳುತ್ತಾರೆ. ನನಗೆ ಗೊತ್ತಿರಲಿಲ್ಲ. ನೋಡಿದರೆ ಇರಲೂ ಇಲ್ಲ.

ಗಾಲಿಯನ್ನು ಎಲ್ಲಿ ಕೂರಿಸಬೇಕೆಂಬುದು ಮೇಲುನೋಟಕ್ಕೆ ಮೂರು ನಿಮಿಷದ ತೀರ್ಮಾನ. ಇವರ ಬಾಯಿಂದ ಕೇಳಿದರೆ ಅದೊಂದು ದೊಡ್ಡ ತಕರಾರು. “ಟಾಪಿನ ಮ್ಯಾಲ ಇಟ್ರ ಕಾಲುವಿ ಏರಿಮ್ಯಾಲ ಗಾಡಿ ತೂಗತದ. ಇಳಸಾಕ ಇಬ್ಬರು ಗಂಡಸರು ಬೇಕು. ಪಂಕ್ಚರ್ ಆದಾಗ ಇಬ್ಬರು ಗಂಡಸರು ಎಲ್ಲಿಂದ ಬರಬೇಕ್ರಿ? ಹೊಟ್ಟಿ ಕೆಳಗ ಹಾಕಿದ್ರ ಚಂದ ಕಾಣ್ತದ, ಆದ್ರ ಎರಿ ಹೊಲದ ದಾರ್ಯಾಗ ಕುಂಟಿ ಹೊಡದಂಗ ಮಣ್ಣ ಎಳಕೊಂತ ಹೋಗ್ತದ. ಮಳ್ಯಾಗ ಪಂಕ್ಚರ್ ಆದ್ರ ರಾಡ್ಯಾಗ ಮಲಗಿ ತಗೀಬೇಕು. ಬಾಜೂಕ ಕಟ್ಟಿದ್ರ ಸಂದ್ಯಾಗ ಗ್ವಾಡಿಗಿ ತಿಕ್ಕತದ. ಹಿಂದ ಬಾಗಲಿಗಿ ಹಾಕಿದ್ರ ಬಾಗಲಾ ಜೋತು ಬೀಳತದ.”

ಹಾಗಾದರೆ ಎಲ್ಲಿ ಇಡಬೇಕು? “ಅದ್ನ ಗಾಡಿ ಹೇಳಂಗಿಲ್ಲರಿ. ಗಾಡ್ಯಾಗ ಕುಂದ್ರೋರು ಹೇಳ್ತಾರ.”

ಇದು ಮಾತಿಗೆ ಆಡಿದ ಮಾತಲ್ಲ, ಇವರ ಅಂಗಡಿಯ ಪದ್ಧತಿ. ಖಾಲಿ ಗಾಡಿ ತಂದು ನಿಲ್ಲಿಸಿದರೆ ಜೈಭೀಮ ಟೇಪು ಹಿಡಿಯುವುದಿಲ್ಲ. ದಿನವೂ ಏನು ಹೇರುತ್ತೀರೋ ಅದನ್ನು ಹೇರಿಕೊಂಡು, ಯಾರನ್ನು ಕೂರಿಸುತ್ತೀರೋ ಅವರನ್ನು ಕೂರಿಸಿಕೊಂಡು ಬನ್ನಿ ಅನ್ನುತ್ತಾರೆ. ಹತ್ತಿಕುಣಿಯ ಒಬ್ಬರು ಹಾಲಿನ ಕ್ಯಾನುಗಳ ಸಮೇತ ಬಂದಿದ್ದರು. ಸುರಪುರದಿಂದ ಒಂದು ಮದುವೆ ದಿಬ್ಬಣ ಹೊತ್ತು ಹೊರಟ ಗಾಡಿ ಹಾಗೇ ಇಲ್ಲಿಗೆ ಬಂದು, ಮದುಮಗನೂ ಇಳಿದು ನಿಂತು, ಅಳತೆ ಕೊಟ್ಟು ಹೋಗಿದೆ. ಮಂದಿ ಮೊದಮೊದಲು ಬೈಯುತ್ತಿದ್ದರಂತೆ. ಈಗಲೂ ಬೈಯುತ್ತಾರೆ, ಆದರೆ ಕರೆದುಕೊಂಡೇ ಬರುತ್ತಾರೆ.

ಈ ಪದ್ಧತಿ ಹುಟ್ಟಿ ಎರಡೇ ವರ್ಷವಾಗಿದೆ. ಅದಕ್ಕೂ ಮೊದಲು ಇವರೂ ಎಲ್ಲರಂತೆ ಮಾಲೀಕ ತೋರಿಸಿದ ಜಾಗಕ್ಕೆ ವೆಲ್ಡಿಂಗ್ ಹೊಡೆದು ಕಳಿಸುತ್ತಿದ್ದವರು.

ಜೈಭೀಮ ಹುಟ್ಟಿದ್ದು ಹತ್ತಿಕುಣಿಯ ಹತ್ತಿರದ ಒಂದು ಹಳ್ಳಿಯಲ್ಲಿ. ತಂದೆ ಅಂಬ್ರಪ್ಪ ಇನ್ನೊಬ್ಬರ ಹೊಲದಲ್ಲಿ ಜೀತದಾಳು. ಮಗನಿಗೆ ಈ ಹೆಸರಿಟ್ಟಿದ್ದಕ್ಕೆ ಹೊಲದವರು ಒಂದು ತಿಂಗಳು ಅಪ್ಪನ ಹತ್ತಿರ ಮಾತು ಬಿಟ್ಟಿದ್ದರಂತೆ. “ಕರದ್ರ ಜೈಭೀಮ ಅನ್ನಬೇಕಲ್ಲರಿ. ಅದು ಅವರಿಗಿ ಆಗತಿರಲಿಲ್ಲ. ‘ಏ ಅಂಬ್ರ್ಯಾನ ಮಗನ’ ಅಂತಿದ್ರು.” ಹದಿನೈದನೇ ವಯಸ್ಸಿಗೆ ಯಾದಗಿರಿಗೆ ಬಂದು ಶರೀಫಸಾಬ ಎಂಬ ಉಸ್ತಾದರ ಕೈಕೆಳಗೆ ನಿಂತರು. ಉಸ್ತಾದರು ಕಿಟಕಿ, ಗೇಟು, ಟ್ರ್ಯಾಕ್ಟರ್ ಟ್ರಾಲಿ ಎಲ್ಲವನ್ನೂ ಕಲಿಸಿದರು. ಊಟ ಹಾಕಿದರು, ಹೆಸರು ಹಿಡಿದೇ ಕರೆದರು. “ಉಸ್ತಾದ ಬಾಯಿತುಂಬಾ ಜೈಭೀಮ ಅಂತಿದ್ದ. ಅದಕ್ಕ ಆ ಮನಿ ಬಿಟ್ಟು ಹನ್ನೊಂದ ವರ್ಷ ಎಲ್ಲೂ ಹೋಗಲಿಲ್ಲ ನಾ.”

ಸ್ವಂತ ಅಂಗಡಿ ಹಾಕಬೇಕೆಂದು ಶಹಾಪುರಕ್ಕೆ ಬಂದಾಗ ಬಜಾರಿನಲ್ಲಿ ಎರಡು ಮಳಿಗೆಗಳು ಖಾಲಿ ಇದ್ದವು. ಇಬ್ಬರು ಮಾಲೀಕರೂ ಬಾಡಿಗೆಗೆ ಕೊಡಲು ಒಪ್ಪಿದರು, ಹೆಸರು ಕೇಳಿದರು, ಆಮೇಲೆ ಮಳಿಗೆ ಖಾಲಿ ಇಲ್ಲ ಅಂದರು. ಇದನ್ನು ಹೇಳುವಾಗ ಜೈಭೀಮ ಅವರ ದನಿಯಲ್ಲಿ ಏರಿಳಿತವಿಲ್ಲ, ನಿನ್ನೆ ಮಳೆ ಬರಲಿಲ್ಲ ಎನ್ನುವ ಧಾಟಿ. ಹೀಗಾಗಿ ಚಪ್ಪರ ಊರ ಹೊರಗೆ ಎದ್ದಿತು. ಬಜಾರಿನವರ ಗಾಡಿಗಳು ಈಗ ಅಲ್ಲಿಂದ ಇಲ್ಲಿಗೆ ಬರುತ್ತವೆ.

ದಿನಚರಿ ಹೀಗಿದೆ. ಐದಕ್ಕೆ ಏಳುವುದು, ಆರಕ್ಕೆ ಚಪ್ಪರ, ಬಿಸಿಲೇರುವ ಮೊದಲೇ ದೊಡ್ಡ ಕೆಲಸ ಮುಗಿಸುವುದು. ದಿನಕ್ಕೆ ನಲವತ್ತರಿಂದ ಐವತ್ತು ವೆಲ್ಡಿಂಗ್ ಕಡ್ಡಿ ಖರ್ಚಾಗುತ್ತವೆ. ತಿಂಗಳಿಗೆ ಮೂರೋ ನಾಲ್ಕೋ ಸ್ಟೆಪ್ನಿ, ಉಳಿದದ್ದು ಟ್ರಾಲಿ, ಕುಂಟೆ, ಗೇಟು. ಕೈಯಲ್ಲಿ ಕಪ್ಪು ಗಾಜಿನ ಗುರಾಣಿ ಇದ್ದರೂ ಎರಡು ಕೈ ಬೇಕಾದಾಗ ಅದನ್ನು ಪಕ್ಕಕ್ಕಿಟ್ಟು ಬಿಡುವ ಕೆಟ್ಟ ಚಾಳಿ ಇವರಿಗಿದೆ. ಅಂದು ರಾತ್ರಿ ಕಣ್ಣಲ್ಲಿ ಉಸುಕು ಹೊಯ್ದಂತೆ ಉರಿ. ಆಲೂಗಡ್ಡೆ ಹೆಚ್ಚಿ ರೆಪ್ಪೆಯ ಮೇಲಿಟ್ಟುಕೊಂಡು ಮಲಗುತ್ತಾರೆ. ಚಾ ತಂದ ಹೆಂಡತಿ ಪಂಚಶೀಲಾ ನಮ್ಮ ಮಾತಿಗೆ ಬಾಯಿ ಹಾಕುತ್ತಾರೆ: “ಇವರ ಕಣ್ಣಿಗಿ ಹೋದ ಆಲೂಗಡ್ಡಿ ಉಳದಿದ್ರ ನಮ್ಮ ಮನಿಗಿ ಆರ್ ತಿಂಗಳ ಪಲ್ಯಾ ಆಗತಿತ್ರಿ. ಬರ್ಕೋರಿ ಅದನ್ನೂ.” ಬರೆದುಕೊಂಡಿದ್ದೇನೆ.

ಇನ್ನು ಬಾಲಮ್ಮನ ವಿಷಯ. ಲಿಂಗಣ್ಣನವರ ಜೀಪಿನ ಹಿಂಬದಿಯ ಎಡ ಅರ್ಧದಲ್ಲಿ ಗಾಲಿಯನ್ನು ನೆಟ್ಟಗೆ ನಿಲ್ಲಿಸಿ ಕೂರಿಸಿದವರು ಜೈಭೀಮ ಅವರೇ. ಬಲ ಅರ್ಧ ಹತ್ತುವ ದಾರಿ. ಮಾಲೀಕರಿಗೆ ಅದು ಸ್ಟೆಪ್ನಿಯಾಗಿತ್ತು, ಹೆಂಗಸರಿಗೆ ಮೆಟ್ಟಿಲಾಗಿತ್ತು. ಒಂದು ಕಾಲು ಬಂಪರಿನ ಮೇಲೆ, ಇನ್ನೊಂದು ಕಾಲಿನ ಬೆರಳು ಗಾಲಿಯ ನಡುವಿನ ಗುಂಡಿಯಲ್ಲಿ, ಕೈಯಲ್ಲಿ ಟಾಯರಿನ ತಲೆ ಹಿಡಿದು ಒಳಗೆ ಜಿಗಿಯುವುದು. ಎಷ್ಟೋ ವರ್ಷ ಹೀಗೇ ನಡೆಯಿತು. ಯಾರೂ ಅದನ್ನು ಗಮನಿಸಲಿಲ್ಲ, ಗಮನಿಸುವಂಥದ್ದೇನೂ ಅದರಲ್ಲಿ ಇರಲಿಲ್ಲ.

ಎರಡು ವರ್ಷದ ಹಿಂದೆ ಲಿಂಗಣ್ಣನವರು ಅಬ್ಬೆತುಮಕೂರಿನ ಮಠಕ್ಕೆ ಹೋಗಿ ಬಂದರು. ಬರುವಾಗ ಸ್ಟೆಪ್ನಿಗೆ ಒಂದು ರೆಕ್ಸಿನ್ ಕವರ್ ತಂದರು. ಅದರ ತುಂಬ ಮಠದ ಸ್ವಾಮಿಗಳಾದ ಅಜ್ಜನ ಚಿತ್ರ. ಗಾಳಿಗೆ ಹಾರಬಾರದೆಂದು ಅದಕ್ಕೊಂದು ಕಬ್ಬಿಣದ ಬಳೆ ಮಾಡಿ ಬಿಗಿದು ಕೊಟ್ಟವರೂ ಜೈಭೀಮ. ಅಜ್ಜನ ಮುಖ ಸರಿಯಾಗಿ ಗಾಲಿಯ ಗುಂಡಿಯ ಮೇಲೆ ಬಂದು ಕೂತಿತು. “ಎಷ್ಟ ಬರೋಬ್ಬರಿ ಕುಂತದ ನೋಡ್ರಿ ಅಂತ ನಾನ ಸಾವ್ಕಾರ್ರಿಗಿ ತೋರಿಸಿದ್ದೆ,” ಎಂದು ಜೈಭೀಮ ಹೇಳುತ್ತಾರೆ.

ಮರುದಿನ ಬೆಳಿಗ್ಗೆ ಹೆಂಗಸರೆಲ್ಲ ಜೀಪಿನ ಹಿಂದೆ ನಿಂತರು. ಅಜ್ಜನ ಮುಖಕ್ಕೆ ಯಾರು ಕಾಲು ಇಡುತ್ತಾರೆ? ಒಬ್ಬರನ್ನೊಬ್ಬರು ಎಳೆದುಕೊಂಡು, ದೂಡಿಕೊಂಡು ಹತ್ತಿದರು. ಗುಂಪನ್ನು ನಡೆಸುವವರು ಬಾಲಮ್ಮ. ಕೆಲಸ ಗೊತ್ತು ಮಾಡುವವರು, ಎಲ್ಲರನ್ನೂ ಹತ್ತಿಸಿ ಕೊನೆಗೆ ತಾವು ಹತ್ತುವವರು. ಆದ್ದರಿಂದ ಅವರನ್ನು ಕೆಳಗಿನಿಂದ ದೂಡಲು ಯಾರೂ ಉಳಿದಿರಲಿಲ್ಲ. ಕಾಲು ಅಜ್ಜನಿಗೆ ತಾಗಬಾರದೆಂದು ಮೊಣಕಾಲು ಅಗಲ ಮಾಡಿ ಬಂಪರಿನ ಮೇಲಿಂದ ಒಮ್ಮೆಲೇ ಜಿಗಿಯಲು ಹೋಗಿ ಬಲಗೈ ಊರಿ ಬಿದ್ದರು. ಮುಂಗೈ ಎಲುಬು ಮುರಿಯಿತು. ಊರಲ್ಲೇ ಬಿದಿರು ಪಟ್ಟಿ ಕಟ್ಟಿಸಿದರು. ಎಲುಬು ಕೂಡಿತು, ಆದರೆ ಸೊಟ್ಟಗೆ ಕೂಡಿತು.

ಸುದ್ದಿ ತಂದವನು ಜೀಪಿನ ಡ್ರೈವರ್ ನಬಿಸಾಬ. ಜೈಭೀಮ ಅದೇ ವಾರ ಜೀಪನ್ನು ತರಿಸಿಕೊಂಡು ಬಲ ಅರ್ಧಕ್ಕೆ ಒಂದು ಮೆಟ್ಟಿಲು, ಬಲ ಕಂಬಕ್ಕೆ ಒಂದು ಗಟ್ಟಿ ಹಿಡಿಕೆ ಬೆಸೆದುಕೊಟ್ಟರು. ಹೆಂಗಸರೆಲ್ಲ ಸಲೀಸಾಗಿ ಹತ್ತತೊಡಗಿದರು. ಕಟ್ಟು ಬಿಚ್ಚಿದ ಮೇಲೆ ಬಾಲಮ್ಮ ಒಂದು ದಿನ ಬಂದರು, ಜೀಪಿನ ಹಿಂದೆ ನಿಂತರು, ಹಿಡಿಕೆ ನೋಡಿದರು, ಬುತ್ತಿ ಗಂಟು ಎತ್ತಿಕೊಂಡು ಮನೆಗೆ ಹೋದರು. ಅಂದಿನಿಂದ ಜೀಪು ಹತ್ತಿಲ್ಲ. ಹೆದರ್ಯಾಳ ಅಂದರು ಲಿಂಗಣ್ಣ. ಜೈಭೀಮ ಬೇರೆಯೇ ಅಂದುಕೊಂಡರು: “ನನ್ನ ಮ್ಯಾಲ ಸಿಟ್ಟದ ಆಕಿಗಿ. ನಾ ಮಾಡಿದ್ದಕ್ಕ ಕೈ ಹಚ್ಚಬಾರದಂತ ಮಾಡ್ಯಾಳ. ಮಾಡಲಿ, ತಪ್ಪ ನಂದದ. ಕಾಲ ಎಲ್ಲಿ ಇಡ್ತೀರವ್ವಾ ಅಂತ ಒಂದ್ ಮಾತ ಕೇಳಲಿಲ್ಲ ನಾನು.”

ಕೆಂಭಾವಿಯ ಸುತ್ತ ಈಗ ಭತ್ತಕ್ಕೆ ಮಷೀನು ಬಂದಿದೆ. ಕೈಕೆಲಸ ಉಳಿದಿರುವುದು ದೂರದ ಮೆಣಸಿನಕಾಯಿ ಹೊಲಗಳಲ್ಲಿ, ಅಲ್ಲಿಗೆ ಬಸ್ಸಿಲ್ಲ. ಎರಡು ವರ್ಷದಿಂದ ಬಾಲಮ್ಮ ಬೇರೆಯವರ ಆಡು ಕಾಯ್ದುಕೊಂಡು, ಕೂಲಿಗೆ ಹೋದವರ ಮಕ್ಕಳನ್ನು ನೋಡಿಕೊಂಡು ಇದ್ದಾರೆ. ಅವರು ಕಟ್ಟಿದ ಗುಂಪನ್ನು ಸರದಿಯ ಮೇಲೆ ಯಾರ್ಯಾರೋ ನಡೆಸುತ್ತಿದ್ದಾರೆ. ಈ ಹಂಗಾಮಿಗೂ ಬರದಿದ್ದರೆ ಗುಂಪು ನಡೆಸಲು ಬೇರೆಯವರನ್ನು ಕಾಯಂ ಮಾಡುತ್ತೇವೆ ಎಂದು ಹೊಲದವರು ಹೇಳಿ ಕಳಿಸಿದ್ದಾರೆ. ಹಂಗಾಮು ಇನ್ನು ಐದು ವಾರ ಇದೆ.

ಏಳು ಗಂಟೆಗೆ ಕೆಂಭಾವಿಯ ಮೊದಲ ಬಸ್ಸು ಬರುತ್ತದೆ. ಬಾಲಮ್ಮ ಇಳಿಯುತ್ತಾರೆ. ಐವತ್ತೈದರ ಆಸುಪಾಸು, ಸಣಕಲು ಮೈ, ದೊಡ್ಡ ದನಿ. ರಸ್ತೆ ದಾಟುತ್ತಲೇ ಹೆಂಗಸರನ್ನು ಗದರುತ್ತಾರೆ: “ಏನ್ ಮದುವಿಗಿ ಬಂದೀರೇನ, ಸಾಲ ಹಿಡದು ಕುಂತೀರಿ?” ಹೆಂಗಸರು ಕಿಲಕಿಲ ನಗುತ್ತಾರೆ. ಎರಡು ವರ್ಷದಿಂದ ಈ ಬೈಗುಳ ಇಲ್ಲದೆ ಅವರಿಗೂ ಸಪ್ಪೆಯಾಗಿರಬೇಕು.

ಮುಂದಿನ ಸೀಟಿನಲ್ಲಿ ಕುಳಿತು ಹೋಗಬಹುದಿತ್ತಲ್ಲ ಎಂದು ನಾನು ಕೇಳುತ್ತೇನೆ. ಪೇಟೆಯವನ ಪ್ರಶ್ನೆ.

“ಮುಂದ ಸಾವ್ಕಾರ್ರು ಕುಂದ್ರತಾರ. ನಾ ಅವರ ತೊಡಿಮ್ಯಾಲ ಕುಂದ್ರಲೇನ್ರಿ?”

ಲಿಂಗಣ್ಣನವರು ಮಫ್ಲರಿನೊಳಗೆ ಮುಖ ಹುದುಗಿಸುತ್ತಾರೆ. ನಬಿಸಾಬ ನಗು ತಡೆಯಲಾರದೆ ಜೀಪಿನ ಆ ಕಡೆಗೆ ಹೋಗುತ್ತಾನೆ.

ಜೈಭೀಮ ಕೈ ಒರೆಸಿಕೊಂಡು ಮುಂದೆ ಬರುತ್ತಾರೆ. “ಯಕ್ಕಾ, ನನ್ನ ಮ್ಯಾಲ ಸಿಟ್ಟದಲ್ಲ ನಿಂಗ?”

“ನನಗ್ಯಾಕೋ ತಮ್ಮಾ ಸಿಟ್ಟು? ಇದ್ದಿದ್ರ ಅವತ್ತೇ ಬಂದು ನಿನ್ನ ಚಪ್ಪರ ಕಿತ್ತು ಹೋಗತಿದ್ದೆ.”

“ಮತ್ತ ಗಾಡಿ ಯಾಕ ಹತ್ತವಲ್ಲಿ? ಹಿಡಿಕಿ ಹಾಕಿಕೊಟ್ಟೀನಲ್ಲ.”

“ಅಂಗೈ ಹುಣ್ಣಿಗಿ ಕನ್ನಡಿ ಬೇಕೇನ? ನೋಡಿಲ್ಲಿ,” ಎಂದು ಬಾಲಮ್ಮ ಬಲಗೈ ಚಾಚಿ ಆ ಹಿಡಿಕೆಯ ಮೇಲೆ ಇಡುತ್ತಾರೆ. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ. ಮುಷ್ಟಿ ಕೂಡುವುದಿಲ್ಲ. ಮುಂಗೈ ತಿರುಗುವುದೂ ಇಲ್ಲ. “ಇದರಲೇ ಮೆಣಸಿನಗಿಡ ಒತ್ತಿ ಹಿಡೀತೀನಿ, ಎಡಗೈಲೆ ಬಿಡಸತೀನಿ. ಕೆಲಸಕ್ಕ ಏನೂ ಅಡ್ಡಿಲ್ಲ. ಮೈ ಎತ್ತಾಕ ಮಾತ್ರ ಇದು ಬರಂಗಿಲ್ಲ. ಹಿಡಿಕಿ ಬಲಕ್ಕ ಹಚ್ಚೀದಿ.”

ಜೈಭೀಮ ಆ ಕೈಯನ್ನೇ ನೋಡುತ್ತಾ ನಿಂತಿದ್ದಾರೆ.

“ಎರಡ ವರ್ಷಾತಲ್ಲ ಯಕ್ಕಾ. ಒಂದ್ ಮಾತ ಹೇಳಿ ಕಳಿಸಬಾರದಿತ್ತೇನ?”

“ನೀ ಕೇಳಿ ಕಳಿಸಿದ್ದೇನ?”

ನಾನು ನನ್ನ ಪುಸ್ತಕದಲ್ಲಿ ಏನೋ ಬರೆಯುವವನಂತೆ ತಲೆ ತಗ್ಗಿಸುತ್ತೇನೆ. ಪಾಪ, ಆ ಮನುಷ್ಯನ ಮುಖ ಆಗ ನೋಡುವಂತಿರಲಿಲ್ಲ.

ಅದಾದ ಮೇಲೆ ಕೆಲಸ ಬೇಗ ಬೇಗ ಸಾಗುತ್ತದೆ. ಹಿಡಿಕೆ ಎಡಕ್ಕೆ ಬರಬೇಕು. ಹಿಡಿಕೆ ಎಡಕ್ಕೆ ಬಂದರೆ ಹತ್ತುವ ದಾರಿಯೂ ಎಡಕ್ಕೇ ಬರಬೇಕು. ಅಂದ ಮೇಲೆ ಗಾಲಿ ಬಲ ಅರ್ಧಕ್ಕೆ ಹೋಗಬೇಕು. 

“ಅಲ್ಲೋ, ಬಲಕ್ಕ ಸೈಲೆನ್ಸರ್ ಅದ,” ಎಂದು ಲಿಂಗಣ್ಣ ಎದ್ದೇಳುತ್ತಾರೆ. “ಹೊಗಿ ಎಲ್ಲಾ ಅಜ್ಜನ ಮುಖಕ್ಕ ಬಡೀತದ. ಕವರ್ ಅಂತೂ ನಾ ತಗಿಯಂಗಿಲ್ಲ, ಮೊದಲೇ ಹೇಳತೀನಿ.”

“ಅಜ್ಜನ್ನ ತಗೀರಿ ಅಂತ ಯಾರ ಅಂದ್ರಿ?” ಬಾಲಮ್ಮನ ದನಿ ಏರುತ್ತದೆ. “ಅಜ್ಜ ಏನ್ ಮಾಡ್ಯಾನ? ನಾವೂ ಅಂವಗ ಕೈ ಮುಗಿಯೋರೇ. ಅವನ್ನ ಮಂದಿ ಕಾಲಾಗ ತಂದು ಇಟ್ಟೋರು ನೀವು.”

ಸಾವ್ಕಾರರು ಮೆಲ್ಲಗೆ ಕುಳಿತುಕೊಳ್ಳುತ್ತಾರೆ. ಜೈಭೀಮ ಸಮಾಧಾನ ಹೇಳುತ್ತಾರೆ: ಸೈಲೆನ್ಸರ್ ಕೊಳವೆಯನ್ನು ಕಾಯಿಸಿ ನೆಲದ ಕಡೆಗೆ ಬಗ್ಗಿಸುತ್ತೇನೆ, ಗಾಲಿಯನ್ನು ಸೊಂಟಕ್ಕಿಂತ ಮೇಲೆ ಕೂರಿಸುತ್ತೇನೆ, ಅಜ್ಜನಿಗೆ ಹೊಗೆಯೂ ತಾಗದು ಕಾಲೂ ತಾಗದು. ಕವರ್ ಬಿಚ್ಚಿದಾಗ ಒಳಗಿನ ಟಾಯರು ಬೋಳಾಗಿರುವುದು ಎಲ್ಲರಿಗೂ ಕಾಣುತ್ತದೆ. “ಹೊಟ್ಟಿಗಿ ಹಿಟ್ಟಿಲ್ಲದಿದ್ರೂ ಜುಟ್ಟಿಗಿ ಮಲ್ಲಿಗಿ ಹೂವ,” ಎಂದು ನಬಿಸಾಬ ಯಾರಿಗೂ ಅಲ್ಲವೆಂಬಂತೆ ಅನ್ನುತ್ತಾನೆ. ಅದು ಯಾರಿಗೆಂದು ಯಾರಿಗೂ ತಿಳಿಯದೆ ಇರುವುದಿಲ್ಲ.

ಹೆಂಗಸರಲ್ಲೊಬ್ಬಳು, ಬಸವೇಶ್ವರಿ ಎಂಬವಳು, ತಕರಾರು ಎತ್ತುತ್ತಾಳೆ. “ನಮಗೆಲ್ಲಾ ಬಲಗೈ ರೂಢಿ ಆಗ್ಯಾದಲ್ಲ ಯಕ್ಕಾ. ಎಡಗೈಲೆ ಹ್ಯಾಂಗ ಹತ್ತಬೇಕು?”

“ನಿಮಗ ಎರಡೂ ಕೈ ಅವ. ಕಲೀರಿ,” ಅನ್ನುತ್ತಾರೆ ಬಾಲಮ್ಮ.

ನಬಿಸಾಬ ಆಗ ಒಂದು ಮಾತು ಹೇಳುತ್ತಾನೆ. “ಹಂಗ ನೋಡಿದ್ರ ಗಾಡಿ ಎಡಕ್ಕ ನಿಂದ್ರತದ. ಮಂದಿ ಮಣ್ಣಿನ ಕಡಿಂದ ಹತ್ತೋದು ಚಲೋ ಅಲ್ಲೇನ? ಇಷ್ಟ ವರ್ಷ ಲಾರಿ ಬರೋ ಕಡೀಗಿ ನಿಂತು ಹತ್ಯಾರ ಇವರು.” ಹದಿನಾಲ್ಕು ವರ್ಷದಿಂದ ಇದೇ ಜೀಪು ಓಡಿಸುತ್ತಿರುವವನು. ಈ ಮಾತು ಇಂದಿನವರೆಗೂ ತನಗೆ ಹೊಳೆದಿರಲಿಲ್ಲ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಜೈಭೀಮ ಅವರಿಗೂ ಹೊಳೆದಿರಲಿಲ್ಲ.

ಹಳೆಯ ಸ್ಟ್ಯಾಂಡನ್ನು ಕತ್ತರಿಸಿ ತೆಗೆದು, ಹೊಸದರ ಕಾಲುಗಳನ್ನು ಬಂಪರಿಗೆ ಕೊಡದೆ ನೇರ ಚಾಸಿಗೇ ಬೆಸೆಯುತ್ತಾರೆ. ನಂಬರ್ ಪ್ಲೇಟು, ಹಿಂದಿನ ಲೈಟು ಮುಚ್ಚದಂತೆ ಗಾಲಿ ಮೇಲೇರುತ್ತದೆ. ಭಾರವೆಲ್ಲ ಬಲಕ್ಕೆ ಬೀಳುವುದರಿಂದ ಆ ಕಡೆಯ ಕಮಾನು ಪಟ್ಟಿಗೆ, ಅಂದರೆ ಸ್ಪ್ರಿಂಗಿಗೆ, ಇನ್ನೊಂದು ಪಟ್ಟಿ ಸೇರಿಸಬೇಕು, ಅದು ಮುಂದಿನ ವಾರ ಎಂದು ನಿಶ್ಚಯವಾಗುತ್ತದೆ. ಮೆಟ್ಟಿಲನ್ನು ಬಲದಿಂದ ಕತ್ತರಿಸಿ ಎಡಕ್ಕೆ ಬೆಸೆಯುತ್ತಾರೆ. ಕೊನೆಗೆ ಹಿಡಿಕೆ. ಜೈಭೀಮ ಟೇಪು ತೆಗೆಯುವುದಿಲ್ಲ. “ಯಕ್ಕಾ, ಎಡಗೈ ಎತ್ತು. ಸೆಟದು ಎತ್ತಬ್ಯಾಡ, ದಿನಾ ಎತ್ತೋ ಹಂಗ ಎತ್ತು.” ಬಾಲಮ್ಮ ಕೈ ಎತ್ತುತ್ತಾರೆ. ಬೆರಳು ತಾಗಿದ ಕಡೆ ಸುಣ್ಣದ ಗೀಟು ಬೀಳುತ್ತದೆ. ಅವರ ಮುಷ್ಟಿಗೆ ಕೂಡುವಂತೆ ತೆಳ್ಳನೆಯ ಪೈಪನ್ನೇ ಆರಿಸುತ್ತಾರೆ.

ಒಂಬತ್ತೂವರೆಗೆ ಮೊದಲ ಪರೀಕ್ಷೆ. ಹನ್ನೆರಡು ಜನ ಹತ್ತುತ್ತಾರೆ, ಎಡಗೈ ಅಭ್ಯಾಸವಿಲ್ಲದೆ ಇಬ್ಬರು ತಡವರಿಸುತ್ತಾರೆ. ಬಾಲಮ್ಮನ ಸರದಿ ಬರುತ್ತದೆ. ಎಡಗೈ ಹಿಡಿಕೆಯ ಮೇಲೆ, ಎಡಗಾಲು ಮೆಟ್ಟಿಲ ಮೇಲೆ. ಮೈ ಅರ್ಧ ಏಳುತ್ತದೆ, ಮತ್ತೆ ಕೆಳಗೆ ಇಳಿಯುತ್ತದೆ. ಜೀಪಿನೊಳಗಿನಿಂದ ನಾಲ್ಕೈದು ಕೈಗಳು ಚಾಚುತ್ತವೆ.

“ಯಾರೂ ಮುಟ್ಟಬ್ಯಾಡ್ರಿ,” ಎಂದು ಬಾಲಮ್ಮ ಜೋರು ಮಾಡುತ್ತಾರೆ. ಜೈಭೀಮ ಅವರತ್ತ ತಿರುಗಿ, “ಮೆಟ್ಟಿಲಾ ಮ್ಯಾಲಾತು. ನಾಕ್ ಬೆರಳ ಇಳಸು.”

“ಇನ್ನೂ ಎಷ್ಟೋ? ಹನ್ನೊಂದಕ್ಕ ಹೊಲ ಮುಟ್ಟೋದೇನ?” ಎಂದು ಲಿಂಗಣ್ಣ ಗೊಣಗುತ್ತಾರೆ. ಗೊಣಗುತ್ತಲೇ ಹೊಲದವರಿಗೆ ತಾವೇ ಫೋನ್ ಹಚ್ಚಿ, ಇಂದು ತಡ, ಆದರೆ ಬಾಲಮ್ಮ ಬರುತ್ತಿದ್ದಾಳೆ ಎಂದು ಹೇಳುತ್ತಾರೆ. ಬಾಲಮ್ಮ ಇನ್ನೂ ಹತ್ತಿಯೇ ಇಲ್ಲ.

ಮೆಟ್ಟಿಲು ಕತ್ತರಿಸಿ, ನಾಲ್ಕು ಬೆರಳು ಇಳಿಸಿ, ಮತ್ತೆ ಬೆಸೆಯಲು ಕಾಲು ಗಂಟೆ ಹಿಡಿಯುತ್ತದೆ. ಅವಸರದಲ್ಲಿ ಗುರಾಣಿ ಮತ್ತೆ ಪಕ್ಕಕ್ಕೆ ಹೋಗಿದೆ. ಪಂಚಶೀಲಾ ದೂರದಿಂದ ಏನೋ ಕೂಗುತ್ತಾರೆ, ಇವರು ಕೇಳಿಸಿಕೊಳ್ಳುವುದಿಲ್ಲ. ಬೆಸುಗೆ ಆರಲು ನೀರು ಹಾಕಬಾರದು, ಗಾಳಿಗೇ ಆರಬೇಕು. ಎಲ್ಲರೂ ಕಾಯುತ್ತೇವೆ. ಜೈಭೀಮ ಮೆಟ್ಟಿಲ ಮೇಲೆ ತಾವೇ ನಿಂತು ಎರಡು ಸಲ ಕುಪ್ಪಳಿಸಿ ನೋಡುತ್ತಾರೆ.

ಬಾಲಮ್ಮ ಚಪ್ಪಲಿ ಕಳಚಿ ಜೀಪಿನೊಳಗೆ ಎಸೆಯುತ್ತಾರೆ. ಎಡಗೈಯಲ್ಲಿ ಹಿಡಿಕೆ ಹಿಡಿಯುತ್ತಾರೆ. ಒಂದು ಕಾಲು, ಇನ್ನೊಂದು ಕಾಲು. ಒಳಗೆ ಹೋಗಿ ಹಿಂಬದಿಯ ತುದಿಯಲ್ಲಿ, ತಮ್ಮ ಹಳೆಯ ಜಾಗದಲ್ಲಿ, ಧಪ್ಪನೆ ಕುಳಿತುಕೊಳ್ಳುತ್ತಾರೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಬಸವೇಶ್ವರಿ ಮಾತ್ರ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾಳೆ.

“ಏ ನಬಿ, ಹೊತ್ತಾತು. ಹೊಡಿ ಗಾಡಿ,” ಎಂಬ ಕೂಗು ಬರುತ್ತದೆ.

ಜೀಪು ಹೊರಟು ತಿರುವಿನಲ್ಲಿ ಮರೆಯಾಗುವವರೆಗೆ ಜೈಭೀಮ ಅದರ ಬೆನ್ನನ್ನು ನೋಡುತ್ತಾರೆ. ಕಣ್ಣು ಕೆಂಪಾಗಿವೆ. ವೆಲ್ಡಿಂಗಿನ ಉರಿ ಎಂದು ನಾನು ಬರೆದುಕೊಳ್ಳಲು ಹೋದರೆ ಅವರೇ ತಡೆಯುತ್ತಾರೆ. “ಅದಲ್ಲರಿ. ಎರಡ ವರ್ಷದಿಂದ ಎದಿಮ್ಯಾಲ ಕುಂತಿತ್ತು. ಈಗ ಇಳೀತು.”

ಮುಂದೇನು ಆಸೆ ಎಂದು ಕೇಳುತ್ತೇನೆ. ಬಜಾರಿನಲ್ಲೊಂದು ಅಂಗಡಿ, ಒಂದು ಬೋರ್ಡು, ಹೀಗೇನಾದರೂ ಹೇಳಬಹುದೆಂದು ನನ್ನ ಎಣಿಕೆ. ಜೈಭೀಮ ಕತ್ತರಿಸಿ ತೆಗೆದ ಹಳೆಯ ಹಿಡಿಕೆಯನ್ನು ಎತ್ತಿ ಗುಜರಿ ರಾಶಿಗೆ ಎಸೆಯುತ್ತಾರೆ.

“ಆ ಜೀಪ ಇನ್ನ ನಾಕೈದ ವರ್ಷ ಓಡತದ್ರಿ. ಆಮ್ಯಾಲ ಮತ್ಯಾರೋ ತಗೋತಾರ. ಯಾವ ಹುಚ್ಚ ಹಿಡಿಕಿ ಎಡಕ್ಕ ಹಾಕ್ಯಾನ ಅಂತ ನನ್ನ ಬೈತಾರ. ಬೈಲಿ. ಅದನ್ನ ಕೊಯ್ದು ತಗಿಯೋಕಿಂತ ಮೊದಲ, ಇದು ಯಾರ ಕೈಗಿ ಮಾಡಿದ್ದು ಅಂತ ಒಂದ್ ಮಾತ ಕೇಳಿದ್ರ ನನಗ ಸಾಕು.”